ಕೊನೆಯವರು ಯಾರು?

ಮೀನಿನ ಅಂಗಡಿಯ ಮುಂದೆ ಏಳೆಂಟು ಜನರಿದ್ದರು, ಆದರೆ ಸಾಲು ಎಂದು ಕರೆಯಬಹುದಾದ ಯಾವ ಆಕಾರವೂ ಅಲ್ಲಿರಲಿಲ್ಲ. ಒಬ್ಬಾಕೆ ಕಂಬಕ್ಕೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದಳು. ಇಬ್ಬರು ವೃದ್ಧರು ಪಕ್ಕದ ಆಲಿವ್ ಅಂಗಡಿಯ ಎದುರು ಹರಟುತ್ತಿದ್ದರು. ಗಾಲಿಯಿರುವ ಬಟ್ಟೆಯ ಚೀಲವನ್ನು ಎಳೆದುಕೊಂಡು ಬಂದಿದ್ದ ಅಜ್ಜಿಯೊಬ್ಬರು ಮಂಜುಗಡ್ಡೆಯ ಪುಡಿಯ ಮೇಲೆ ಮಲಗಿದ್ದ ಬಂಗುಡೆಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಮಾರುವವಳ ಎದುರಿನ ಜಾಗ ಖಾಲಿಯಿದೆಯೆಂದುಕೊಂಡು ನಾನು ಅಲ್ಲಿ ಹೋಗಿ ನಿಂತು, ಬೇಕಾದ ಮೀನಿನ ಕಡೆಗೆ ಬೆರಳು ತೋರಿಸಿದೆ. ಅವಳು ನನ್ನನ್ನು ನೋಡಿದಳು, ನನ್ನ ಹಿಂದಿದ್ದವರನ್ನು ನೋಡಿದಳು, ಏನೂ ಹೇಳದೆ ಕೈಯಲ್ಲಿದ್ದ ಮೀನಿನ ಹುರುಪೆಯನ್ನು ಕೆರೆಯುವುದನ್ನು ಮುಂದುವರಿಸಿದಳು. ಆಗ ಆ ಅಜ್ಜಿ ನನ್ನ ಮುಂಗೈಯನ್ನು ಮೆಲ್ಲಗೆ ಮುಟ್ಟಿ, ಒಂದನೇ ತರಗತಿಯ ಮಗುವಿಗೆ ಅಕ್ಷರ ಹೇಳಿಕೊಡುವಷ್ಟು ನಿಧಾನವಾಗಿ ಹೇಳಿದರು: "ಕಿಯೆನ್ ಎಸ್ ಎಲ್ ಊಲ್ತಿಮೊ?"

ಕೊನೆಯವರು ಯಾರು? ಸ್ಪೇನಿನ ಪೇಟೆಗೆ ಬಂದವರು ಬೆಲೆ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ನೀವು ಅಂಗಡಿಯ ಬಳಿ ಬಂದು, ಯಾರನ್ನೂ ಉದ್ದೇಶಿಸದೆ, ಎಲ್ಲರಿಗೂ ಕೇಳುವಂತೆ ಇದನ್ನು ಕೇಳುತ್ತೀರಿ. ಅಲ್ಲಿರುವವರಲ್ಲಿ ಕೊನೆಗೆ ಬಂದವರು ಕೈಯನ್ನು ಸ್ವಲ್ಪ ಎತ್ತಿ "ಯೋ", ಅಂದರೆ "ನಾನು" ಎನ್ನುತ್ತಾರೆ. ಹಳೆಯ ಕಾಲದ ಹೆಂಗಸರಾದರೆ "ಸೆರ್ವಿದೋರಾ" ಎನ್ನುತ್ತಾರೆ, ನಿಮ್ಮ ಸೇವಕಿ ಎಂಬ ಅರ್ಥದಲ್ಲಿ. ಅಷ್ಟಾದರೆ ನಿಮ್ಮ ಸರದಿ ನಿಶ್ಚಯವಾಯಿತು. ಆ ಮುಖವೊಂದನ್ನು ನೆನಪಿಟ್ಟುಕೊಂಡರೆ ಸಾಕು; ನಿಂತಲ್ಲೇ ನಿಂತಿರಬೇಕೆಂದಿಲ್ಲ, ನಾಲ್ಕು ಹೆಜ್ಜೆ ಆಚೆ ಹೋಗಿ ಮೊಟ್ಟೆ ಕೊಂಡು ಬರಬಹುದು, ಪರಿಚಯದವರು ಸಿಕ್ಕರೆ ಮಾತಾಡಬಹುದು. ನಿಮ್ಮ ನಂತರ ಬಂದವರು ಕೇಳಿದಾಗ ಕೈ ಎತ್ತುವುದು ಮಾತ್ರ ನಿಮ್ಮ ಜವಾಬ್ದಾರಿ. ನಾನು ಕಾಣದೆ ಹೋದ ಸಾಲು ಅಲ್ಲಿ ನಿಜವಾಗಿಯೂ ಇತ್ತು. ನೆಲದ ಮೇಲಿರದೆ ಜನರ ನೆನಪಿನಲ್ಲಿತ್ತು. ನಾನು ಅದನ್ನು ಮುರಿದು ಮುಂದೆ ನುಗ್ಗಿದ್ದೆ. ಅಜ್ಜಿಯ ಹಿಂದೆ ನನಗೊಂದು ಜಾಗವನ್ನು ಅವರೇ ಮಾಡಿಕೊಟ್ಟರು. ಆ ದಿನ ಬಂಗುಡೆ ನನ್ನ ಕೈಗೆ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು.

ಇದು ನಡೆದದ್ದು 2023ರ ಸೆಪ್ಟೆಂಬರ್ ಕೊನೆಯಲ್ಲಿ, ಮೆಡಿಟರೇನಿಯನ್ ದಡದ ವಲೆನ್ಸಿಯಾ ನಗರದಲ್ಲಿ. ಮಗಳು ಅಲ್ಲಿ ಓದುತ್ತಿದ್ದಳು, ನಾನು ಅವಳ ಜೊತೆ ಐದಾರು ವಾರ ಇರಲು ಹೋಗಿದ್ದೆ. ಅವಳ ಮನೆಯಿದ್ದದ್ದು ರುಸಾಫಾ ಎಂಬ ಹಳೆಯ ಬಡಾವಣೆಯಲ್ಲಿ. ಅರಬ್ಬರ ಕಾಲದಲ್ಲಿ ನಗರದ ಹೊರಗೆ ಇಲ್ಲೊಂದು ಅರಮನೆಯ ತೋಟವಿತ್ತು, ಆ ತೋಟದ ಹೆಸರೇ ಊರಿಗೆ ಉಳಿಯಿತು. 1877ರವರೆಗೆ ಅದು ತನ್ನದೇ ಆಡಳಿತವಿದ್ದ ಪ್ರತ್ಯೇಕ ಊರಾಗಿತ್ತು. ಸಂತ ವಲೇರೊ ಚರ್ಚಿನ ಎದುರಿಗೆ, 1957ರಲ್ಲಿ ಕಟ್ಟಿದ ಕಾಂಕ್ರೀಟಿನ ಮಾರುಕಟ್ಟೆಯಿದೆ. ಹೊರಗೋಡೆಗಳಿಗೆ ಒಂದೊಂದು ಭಾಗಕ್ಕೆ ಒಂದೊಂದು ಗಾಢ ಬಣ್ಣ ಬಳಿದಿದ್ದಾರೆ. ಅದನ್ನು ಬಿಟ್ಟರೆ ಕಟ್ಟಡದಲ್ಲಿ ನೋಡಿ ಬೆರಗಾಗುವಂಥದ್ದು ಏನೂ ಇಲ್ಲ.

ಬೆರಗಾಗುವಂಥ ಮಾರುಕಟ್ಟೆ ಆ ನಗರದಲ್ಲಿ ಬೇರೆಯೇ ಇದೆ. 1914ರಲ್ಲಿ ಕೆಲಸ ಶುರುವಾಗಿ 1928ರಲ್ಲಿ ಬಾಗಿಲು ತೆರೆದ ಮೆರ್ಕಾತ್ ಸೆಂತ್ರಾಲ್ ಕಬ್ಬಿಣ, ಗಾಜು ಮತ್ತು ಬಣ್ಣದ ಹೆಂಚುಗಳ ಭವ್ಯ ಕಟ್ಟಡ. ಅದರ ಗುಮ್ಮಟದ ಕೆಳಗೆ ನಿಂತರೆ ತರಕಾರಿಯ ರಾಶಿಗಳ ಮೇಲೆ ದೇವಾಲಯದ ಬೆಳಕು ಬಿದ್ದಂತೆ ಕಾಣುತ್ತದೆ. ಎದುರಿಗೇ ಮಧ್ಯಯುಗದ ರೇಷ್ಮೆ ವ್ಯಾಪಾರಿಗಳ ಸಭಾಂಗಣವಿದೆ, 1996ರಿಂದ ಅದು ವಿಶ್ವ ಪರಂಪರೆಯ ತಾಣ. ಮೊದಲ ವಾರ ನಾನು ಅಲ್ಲಿಗೇ ಹೋದೆ, ಎರಡು ಸಲ ಹೋದೆ, ಕಣ್ತುಂಬಾ ನೋಡಿದೆ. ಆದರೆ ಅಲ್ಲಿ ನನ್ನಂತೆ ನೋಡಲು ಬಂದವರೇ ಬಹಳ ಮಂದಿಯಿದ್ದರು, ನಾನು ಅವರಲ್ಲೊಬ್ಬಳಾಗಿ ಸುಲಭವಾಗಿ ಬೆರೆತುಹೋದೆ. ರುಸಾಫಾದಲ್ಲಿ ಹಾಗೆ ಬೆರೆತುಹೋಗಲು ಸಾಧ್ಯವಿರಲಿಲ್ಲ. ಅಲ್ಲಿ ಒಳಗೆ ಬಂದವರು ಏನಾದರೂ ಕೊಳ್ಳಲೇಬೇಕು, ಕೊಳ್ಳಬೇಕಾದರೆ ಸರದಿ ಕೇಳಬೇಕು, ಸರದಿ ಕೇಳಬೇಕಾದರೆ ಬಾಯಿ ಬಿಡಬೇಕು.

ಎರಡನೆಯ ಪಾಠ ತರಕಾರಿಯ ಅಂಗಡಿಯಲ್ಲಿ ಸಿಕ್ಕಿತು. ನಾನು ಹುಟ್ಟಿ ಬೆಳೆದದ್ದು ಉಡುಪಿಯ ಕಡೆ. ಬೆಂಡೆಕಾಯಿಯ ತುದಿ ಮುರಿದು, ಬದನೆಯ ತೊಟ್ಟು ನೋಡಿ, ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಕೊಳ್ಳುವುದನ್ನು ಅಮ್ಮನಿಂದ ಕಲಿತವಳು. ಕೊಳ್ಳುವವಳ ಬುದ್ಧಿ ಅವಳ ಬೆರಳ ತುದಿಯಲ್ಲಿದೆ ಎಂದು ಅಮ್ಮ ನಂಬಿದ್ದರು, ಮುಟ್ಟಿ ನೋಡದೆ ತಂದ ತರಕಾರಿಯನ್ನು ಅವರು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಇಲ್ಲಿ ಮುಟ್ಟುವಂತಿಲ್ಲ. ಟೊಮೆಟೊ ರಾಶಿಗೆ ನಾನು ಕೈ ಚಾಚಿದ ಕೂಡಲೇ ಅಂಗಡಿಯ ಹೆಂಗಸು, ಐವತ್ತು ದಾಟಿರಬೇಕು, ಗಟ್ಟಿಯಾದ ಮುಂಗೈಗಳಿದ್ದವು, ರಾಶಿಯ ಮೇಲೆ ತನ್ನ ಅಂಗೈಯನ್ನು ಚಾಚಿ ಹಿಡಿದು ನಗುತ್ತಾ ಕೇಳಿದಳು: "ಕೆ ತೆ ಪೊಂಗೊ, ರೇಯ್ನಾ?" ನಿನಗೆ ಏನು ಹಾಕಲಿ, ರಾಣಿ? ಕೊಡಲಿ ಎಂದಲ್ಲ, ಹಾಕಲಿ ಎಂದು. ನಮ್ಮ ಕಡೆಯ ತರಕಾರಿಯವರು "ಎಷ್ಟು ಹಾಕಲಿ" ಎಂದು ಕೇಳುವುದೂ ಇದೇ ಕ್ರಿಯಾಪದದಲ್ಲಿ. ಒಂದು ಕಿಲೊ ಟೊಮೆಟೊ ಎಂದೆ. ಅದಕ್ಕೆ ಅವಳು ಇನ್ನೊಂದು ಪ್ರಶ್ನೆ ಕೇಳಿದಳು: ಇವತ್ತಿಗೋ, ನಾಳೆಗೋ? ಸಲಾಡಿಗೋ, ಅಡುಗೆಗೋ?

ಈ ಪ್ರಶ್ನೆಗಳಿಗೆ ಉತ್ತರಿಸಬೇಕಾದರೆ ನಾನು ಮನೆಯ ಅಡುಗೆಯನ್ನು ಮುಂಚಿತವಾಗಿ ಯೋಚಿಸಿರಬೇಕಿತ್ತು. ನಾಳೆ ಸಾರಿಗೆ ಮೂರು, ಇವತ್ತು ಹಸಿಯಾಗಿ ತಿನ್ನಲು ಎರಡು ಎಂದು ನನ್ನ ಮುರುಕು ಸ್ಪ್ಯಾನಿಷಿನಲ್ಲಿ ಹೇಳಿದೆ. ಅವಳು ಎರಡು ಬೇರೆ ರಾಶಿಗಳಿಂದ ಆಯ್ದು, ಒಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಪಕ್ಕಕ್ಕಿಟ್ಟು, ಇನ್ನೊಂದನ್ನು ತೆಗೆದು, ಬೇರೆಬೇರೆ ಕಾಗದದಲ್ಲಿ ಕಟ್ಟಿದಳು. ಅಮ್ಮನ ಬೆರಳ ಕೆಲಸವನ್ನೇ ಅವಳು ಮಾಡುತ್ತಿದ್ದಳು, ನನ್ನ ಪರವಾಗಿ. ಮೊದಲ ದಿನಗಳಲ್ಲಿ ಇದರಿಂದ ನನಗೆ ಕಿರಿಕಿರಿಯಾಯಿತು, ಒಳ್ಳೆಯದನ್ನು ಬೇರೆ ಯಾರಿಗೋ ಉಳಿಸಿಕೊಂಡಿರಬಹುದೆಂಬ ಅನುಮಾನವೂ ಬಂತು. ಮೂರನೆಯ ವಾರದ ಹೊತ್ತಿಗೆ ಅನುಮಾನ ಹೋಗಿತ್ತು, ಏಕೆಂದರೆ ನಾಳೆಗೆಂದು ಕೊಟ್ಟ ಹಣ್ಣು ನಿಜವಾಗಿಯೂ ನಾಳೆಗೇ ಹದವಾಗುತ್ತಿತ್ತು. ವಾರಕ್ಕೆ ನಾಲ್ಕು ಸಲ ಎದುರಿಗೆ ಬರುವವರಿಗೆ ಕೆಟ್ಟದ್ದನ್ನು ಕಟ್ಟಿಕೊಟ್ಟು ಯಾವ ಅಂಗಡಿಯೂ ಉಳಿಯುವುದಿಲ್ಲ. ಲೆಕ್ಕ ಮುಗಿದ ಮೇಲೆ ಅವಳು ಚೀಲದ ಮೇಲೊಂದು ಪೆರೆಹಿಲ್ ಸೊಪ್ಪಿನ ಎಸಳನ್ನು ಸಿಕ್ಕಿಸುತ್ತಿದ್ದಳು, ಕಾಸು ತೆಗೆದುಕೊಳ್ಳದೆ. ನೋಡಲು ಅದು ಕೊತ್ತಂಬರಿಯ ಅಕ್ಕನಂತಿರುತ್ತದೆ, ಮೀನಿಗೂ ಅನ್ನಕ್ಕೂ ಅಲ್ಲಿ ಅದು ಬೇಕೇ ಬೇಕು. ನಮ್ಮೂರಿನಲ್ಲಿ ಕೊಸರಿಗೆ ಕರಿಬೇವು ಹಾಕುತ್ತಿದ್ದದ್ದು ನೆನಪಾಗಿ, ಮೊದಲ ಸಲ ಆ ಎಸಳನ್ನು ಕಂಡಾಗ ನನಗೆ ಮಾತೇ ಹೊರಡಲಿಲ್ಲ.

ಅವಳ ಅಂಗಡಿಯಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಅವರೆಕಾಳಿಗಿಂತ ಬಹಳ ದೊಡ್ಡದಾದ, ಚಪ್ಪಟೆಯಾದ, ಕೆನೆಬಿಳಿಯ ಕಾಳು. ಪಕ್ಕದಲ್ಲಿ ಅದರ ಸಿಪ್ಪೆಗಳು ಬಿದ್ದಿದ್ದವು, ಗಿರಾಕಿಯಿಲ್ಲದ ಹೊತ್ತಿನಲ್ಲಿ ಅವಳು ಕೂತು ಬಿಡಿಸುತ್ತಿದ್ದಳು. ಗರ್ರೋಫೊ, ಎಂದಳು. ನನಗೆ ಅದು ಗೊತ್ತಿತ್ತು. ಬೆಂಗಳೂರಿನಲ್ಲಿ ನಾವು ಡಬಲ್ ಬೀನ್ಸ್ ಎಂದು ಕೊಂಡು, ತೆಂಗಿನಕಾಯಿ ಅರೆದು ಸಾಗು ಮಾಡುವುದು ಇದೇ ಜಾತಿಯ ಗಿಡದ ಕಾಳನ್ನು. ದಕ್ಷಿಣ ಅಮೆರಿಕದಿಂದ ಸಮುದ್ರ ದಾಟಿ ಹೊರಟ ಒಂದು ಬಳ್ಳಿ ವಲೆನ್ಸಿಯಾದಲ್ಲೊಂದು ಬೇರು ಬಿಟ್ಟು, ನಮ್ಮಲ್ಲೊಂದು ಬೇರು ಬಿಟ್ಟಿದೆ. ಅವಳಿಗೆ ಇದನ್ನು ಹೇಳಲು ನನ್ನ ಭಾಷೆ ಸಾಲಲಿಲ್ಲ. ನಮ್ಮ ಮನೆಯಲ್ಲೂ ಇದಿದೆ ಎಂದಷ್ಟೇ ಹೇಳಿದೆ. ಆಗ ಹಿಂದೆ ಸರದಿಗೆ ಕಾಯುತ್ತಿದ್ದವರೊಬ್ಬರು ಮಧ್ಯೆ ಬಂದು, ಹಾಗಾದರೆ ನಿಮ್ಮಲ್ಲಿ ಪಾಯೆಯ್ಯಾ ಮಾಡುತ್ತೀರಾ ಎಂದು ಕೇಳಿದರು.

ಪಾಯೆಯ್ಯಾದ ವಿಷಯ ಬಂದರೆ ವಲೆನ್ಸಿಯಾದವರು ಸುಮ್ಮನಿರುವುದಿಲ್ಲ. ಹೊರಗಿನವರು ಅದನ್ನು ಸಮುದ್ರದ ಜೀವಿಗಳನ್ನು ಹರಡಿದ ಹಳದಿ ಅನ್ನವೆಂದು ತಿಳಿದಿದ್ದಾರೆ. ಅಲ್ಲಿನವರ ಪ್ರಕಾರ ಅದು ಹೊಲದ ಅಡುಗೆ: ಅಕ್ಕಿ, ಕೋಳಿ, ಮೊಲ, ಗರ್ರೋಫೊ, ಫೆರ್ರಾವುರಾ ಎಂಬ ಅಗಲವಾದ ಹಸಿರು ಹುರುಳಿಕಾಯಿ, ಟೊಮೆಟೊ, ಆಲಿವ್ ಎಣ್ಣೆ, ಕೇಸರಿ, ಉಪ್ಪು, ನೀರು, ಈ ಹತ್ತು. ಕೆಲವು ಊರುಗಳಲ್ಲಿ ಬಸವನಹುಳು ಸೇರುತ್ತದೆ, ಕೆಲವರು ರೋಸ್ಮರಿಯ ಎಸಳು ಹಾಕುತ್ತಾರೆ. ಈರುಳ್ಳಿ ಹಾಕಿದರೆ ಅನ್ನ ಮೆತ್ತಗಾಗುತ್ತದೆ, ಆದ್ದರಿಂದ ಕೂಡದು ಎಂದು ಅಂದು ಸರದಿಯಲ್ಲಿದ್ದ ಮೂವರೂ ಒಮ್ಮತದಿಂದ ಹೇಳಿದರು. ಅಕ್ಕಿಯ ವಿಷಯದಲ್ಲಿ ಮಾತ್ರ ಒಮ್ಮತವಿರಲಿಲ್ಲ. ಬೊಂಬಾ ಅಕ್ಕಿ ಎಷ್ಟು ಬೆಂದರೂ ಅಗುಳು ಒಡೆಯುವುದಿಲ್ಲವೆಂದು ಒಬ್ಬರು ಹೇಳಿದರೆ, ಸೇನಿಯಾ ಅಕ್ಕಿಯಷ್ಟು ರುಚಿಯನ್ನು ಹೀರುವ ಅಕ್ಕಿ ಇನ್ನೊಂದಿಲ್ಲ, ಆದರೆ ಒಂದು ನಿಮಿಷ ಹೆಚ್ಚಾದರೆ ಕೆಡುತ್ತದೆ, ಅದನ್ನು ಬೇಯಿಸಲು ಗಮನ ಬೇಕು ಎಂದು ಇನ್ನೊಬ್ಬರು ಹೇಳಿದರು. ಎರಡೂ ಬೆಳೆಯುವುದು ನಗರದ ದಕ್ಷಿಣಕ್ಕೆ ಕೆಲವೇ ಮೈಲು ದೂರದ ಅಲ್ಬುಫೇರಾ ಸರೋವರದ ಸುತ್ತಲಿನ ಗದ್ದೆಗಳಲ್ಲಿ. ಕುಚ್ಚಲಕ್ಕಿಯೋ ಬೆಳ್ತಿಗೆಯೋ ಎಂಬ ಚರ್ಚೆಯನ್ನು ಜಗಲಿಯ ಮೇಲೆ ಕೇಳಿ ಬೆಳೆದ ನನಗೆ ಆ ಮಾತಿನ ದನಿ ಎಷ್ಟು ಪರಿಚಿತವಾಗಿತ್ತೆಂದರೆ, ಅರ್ಥವಾಗದ ಪದಗಳೂ ಅರ್ಥವಾದವು.

ಅಂಗಡಿಗಳ ಕಪ್ಪು ಹಲಗೆಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹೆಸರುಗಳನ್ನು ಓದುವುದು ನನ್ನ ದಿನದ ಅಭ್ಯಾಸವಾಯಿತು. ಬದನೆಗೆ ಸ್ಪ್ಯಾನಿಷಿನಲ್ಲಿ ಬೆರೆನ್ಹೇನಾ, ವಲೆನ್ಸಿಯಾದ ಸ್ವಂತ ನುಡಿಯಲ್ಲಿ ಅಲ್ಬೆರ್ಜೀನಿಯಾ. ಎರಡೂ ಅರಬ್ಬಿಯ ಬಾದಿಂಜಾನ್‌ನಿಂದ ಬಂದವು, ಅದು ಪರ್ಶಿಯನ್ನಿನಿಂದ ಬಂದದ್ದು, ಅದರ ಹಿಂದೆ ಸಂಸ್ಕೃತದ ವಾತಿಂಗಣವಿದೆ, ಅದಕ್ಕೂ ಹಿಂದೆ ನಮ್ಮ ದ್ರಾವಿಡ ನುಡಿಗಳ ಬೇರಿದೆ ಎಂದು ಹಲವು ಭಾಷಾವಿದರು ಹೇಳುತ್ತಾರೆ. ಕನ್ನಡದ ಬದನೆ ಆ ಬೇರಿಗೆ ಹತ್ತಿರದ ಚಿಗುರು. ಇದೇ ಪದ ಪೋರ್ಚುಗೀಸರ ಬಾಯಲ್ಲಿ ಹಡಗು ಹತ್ತಿ ಹಿಂದಿರುಗಿ ಬಂದು, ನಾವು ಹೋಟೆಲಿನ ಪಟ್ಟಿಯಲ್ಲಿ ಓದುವ ಬ್ರಿಂಜಾಲ್ ಆಯಿತು. ಕಿತ್ತಳೆಯ ನರಾಂಹಾ ನಮ್ಮ ನಾರಂಗಿಯ ನೆಂಟ, ಸಕ್ಕರೆಯ ಅಸೂಕರ್ ಶರ್ಕರೆಯ ಮೊಮ್ಮಗ. ಮೆಣಸಿನಕಾಯಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಪಯಣಿಸಿತು. ಅಮೆರಿಕದಿಂದ ಸ್ಪೇನಿಗೆ ಬಂದ ಅದು ಪೋರ್ಚುಗೀಸರ ಮೂಲಕ ನಮ್ಮ ಕರಾವಳಿಗೆ ಇಳಿಯಿತು. ಸಾಂಬಾರ ಪದಾರ್ಥಗಳ ಅಂಗಡಿಯಲ್ಲಿದ್ದ ಪಿಮೆಂತೋನ್ ಪುಡಿಯ ಡಬ್ಬಿಯನ್ನು ತೆರೆದು ತೋರಿಸಿದಾಗ ಕಂಡ ಕೆಂಪು ಬ್ಯಾಡಗಿಯದೇ ಕೆಂಪು, ಖಾರ ಕಡಿಮೆ, ಬಣ್ಣವೇ ಮುಖ್ಯ.

ಈ ತರಕಾರಿಗಳು ಎಲ್ಲಿಂದ ಬರುತ್ತವೆ ಎಂದು ಕೇಳಿದರೆ ಆ ಹೆಂಗಸು ಬಾಗಿಲ ಕಡೆಗೆ ಗದ್ದ ಎತ್ತಿ "ದೆ ಲೋರ್ತಾ" ಎನ್ನುತ್ತಿದ್ದಳು, ಹೋರ್ತಾದಿಂದ ಎಂದು. ವಲೆನ್ಸಿಯಾವನ್ನು ಸುತ್ತುವರಿದ ನೀರಾವರಿಯ ತೋಟಭೂಮಿಗೆ ಆ ಹೆಸರು. ಮಧ್ಯಯುಗದಿಂದ ಬಂದ ಟೀರಾ ದೆ ಕೊಂತಾರ್ ಎಂಬ ಪದ್ಧತಿಯಲ್ಲಿ ಅಲ್ಲಿನ ರೈತರು ತಾವು ಬೆಳೆದದ್ದನ್ನು ನಡುವಿನವರಿಲ್ಲದೆ ತಾವೇ ತಂದು ಸಗಟು ಪೇಟೆಯಲ್ಲಿ ಮಾರುವ ಹಕ್ಕು ಇಂದಿಗೂ ಉಳಿದಿದೆ. ಈ ಭೂಮಿಗೆ ತೂರಿಯಾ ನದಿಯ ನೀರನ್ನು ಹಂಚುವ ಕಾಲುವೆಗಳ ಜಾಲ ಅರಬ್ಬರ ಕಾಲದ್ದು. 2019ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಅದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿದೆ. ನೀರಿನ ಜಗಳಗಳು ತೀರ್ಮಾನವಾಗುವುದು ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ, ನಗರದ ಪ್ರಧಾನ ಚರ್ಚಾದ ಕತೆದ್ರಾಲಿನ ಅಪೊಸ್ತಲರ ಬಾಗಿಲಿನ ಮುಂದೆ, ಬಯಲಿನಲ್ಲಿ. ಗಂಟೆ ಬಾರಿಸಿದ ಮೇಲೆ ಕಪ್ಪು ನಿಲುವಂಗಿ ತೊಟ್ಟ ರೈತರ ಪ್ರತಿನಿಧಿಗಳು ವೃತ್ತಾಕಾರವಾಗಿ ಕೂರುತ್ತಾರೆ, ಒಂದೊಂದೇ ಕಾಲುವೆಯ ಹೆಸರು ಹಿಡಿದು ದೂರು ಇದ್ದವರನ್ನು ಕೂಗಿ ಕರೆಯುತ್ತಾರೆ. ವಕೀಲರಿಲ್ಲ, ವಾದವೆಲ್ಲ ಬಾಯಿಮಾತಿನಲ್ಲಿ, ಅದೂ ವಲೆನ್ಸಿಯಾದ ನುಡಿಯಲ್ಲಿ. ಈ ನೀರಿನ ನ್ಯಾಯಾಲಯ 2009ರಲ್ಲಿ ಯುನೆಸ್ಕೋದ ಪಟ್ಟಿ ಸೇರಿತು. ನಾನು ಹೋದ ಗುರುವಾರ ಯಾವ ದೂರೂ ಇರಲಿಲ್ಲ, ಐದು ನಿಮಿಷದಲ್ಲಿ ಎಲ್ಲ ಮುಗಿಯಿತು. ದೂರುಗಳಿಲ್ಲದಿದ್ದರೂ ಪ್ರತಿ ವಾರ ಕೂರುತ್ತಾರಲ್ಲ, ಅದೇ ನನಗೆ ದೊಡ್ಡದಾಗಿ ಕಂಡಿತು. ನಮ್ಮ ಬಯಲುಸೀಮೆಯ ಕೆರೆಗಳ ನೀರುಗಂಟಿಗಳು ನೆನಪಾದರು. ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ಎಂಬುದನ್ನು ತಲೆಯಲ್ಲೇ ಇಟ್ಟುಕೊಂಡಿದ್ದ ಆ ಜನರ ಕೆಲಸಕ್ಕೆ ನಾವು ಇಂಥದೊಂದು ಗುರುವಾರವನ್ನು ಉಳಿಸಿಕೊಳ್ಳಲಿಲ್ಲ.

ಹೊಲಕ್ಕೆ ನೀರು ಬರುವ ಸರದಿಗೆ ಅಲ್ಲಿ ತಾಂದಾ ಎನ್ನುತ್ತಾರೆ. ಅಂಗಡಿಯ ಮುಂದೆ ಕಾಯುವ ಸರದಿಗೂ ಅದೇ ಪದ, ತಾಂದಾ. ಇದನ್ನು ನನಗೆ ಹೇಳಿದ್ದು ಮಗಳು, ಮತ್ತು ಇದನ್ನು ಕೇಳಿದ ಮೇಲೆಯೇ ನನಗೆ ಮೊದಲ ದಿನದ ಆ ಮೀನಿನ ಅಂಗಡಿ ಸರಿಯಾಗಿ ಅರ್ಥವಾಯಿತು. ಉತ್ತರ ಕರ್ನಾಟಕದಲ್ಲಿ ಬಸ್ಸಿಗೆ ಪಾಳಿ ಹಚ್ಚುತ್ತಾರೆ, ಕಾಲುವೆಯ ನೀರಿಗೂ ಪಾಳಿಯೇ. ನೀರು ಕಡಿಮೆ, ಹೊಲಗಳು ಹೆಚ್ಚು. ಮೇಲಿನವನು ತೂಬು ಮುಚ್ಚದಿದ್ದರೆ ಕೆಳಗಿನವನ ಬೆಳೆ ಒಣಗುತ್ತದೆ. ಹೀಗೆ ಕಾಯಲು ಮತ್ತು ಬಿಟ್ಟುಕೊಡಲು ನೂರಾರು ವರ್ಷ ಹೊಲದಲ್ಲಿ ಕಲಿತ ಜನ ಪೇಟೆಯಲ್ಲಿ ಹಗ್ಗ ಕಟ್ಟದೆ, ಚೀಟಿ ಹಂಚದೆ ಸರದಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ನನಗೆ ಸಹಜವೆನ್ನಿಸಿತು. ಎರಡು ಪದಗಳ ನಡುವಿನ ಚರಿತ್ರೆಯನ್ನು ನಾನು ಸಾಬೀತುಪಡಿಸಲಾರೆ. ಆದರೆ ಆ ಮಾರುಕಟ್ಟೆಯಲ್ಲಿ ಆ ತೋಟದ ತರಕಾರಿಯ ಜೊತೆಗೆ ಆ ತೋಟದ ನಡವಳಿಕೆಯೂ ಬಂದಿದೆ ಎಂದು ನಾನು ನಂಬುತ್ತೇನೆ.

ಸೋಮವಾರ ಮೀನಿನ ಅಂಗಡಿಗಳು ಮುಚ್ಚಿರುತ್ತವೆ. ವಾರದ ಕೊನೆಯಲ್ಲಿ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಆದ್ದರಿಂದ ಸೋಮವಾರ ತಾಜಾ ಮೀನಿಲ್ಲ. ಮೀನಿಲ್ಲದ ಅಮೃತಶಿಲೆಯ ಕಟ್ಟೆಗಳು ತೊಳೆದು ಒಣಗಿಸಿದಂತೆ ಬಿಳಿಯಾಗಿರುತ್ತವೆ. ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಮಲ್ಪೆ ಬಂದರಿನ ಮೌನವನ್ನು ಬಲ್ಲ ನನಗೆ ಆ ಖಾಲಿ ಕಟ್ಟೆಗಳನ್ನು ನೋಡಿ ಬೇಸರವಾಗಲಿಲ್ಲ, ಮೀನೂ ಮೀನುಗಾರನೂ ವಿಶ್ರಾಂತಿಯಲ್ಲಿದ್ದಾರೆ ಎಂದು ಸಮಾಧಾನವಾಯಿತು. ಕ್ಲೋಚಿನಾ ಎಂಬ ಅಲ್ಲಿನ ಸಣ್ಣ ಪಚ್ಚಿಲೆ ಚಿಪ್ಪುಮೀನೂ ಹೀಗೆಯೇ. ಹೆಸರಿನಲ್ಲಿ 'ರ' ಇಲ್ಲದ ತಿಂಗಳುಗಳಲ್ಲಿ ಮಾತ್ರ, ಅಂದರೆ ಅವರ ಭಾಷೆಯ ಮೇ ತಿಂಗಳಿನಿಂದ ಆಗಸ್ಟಿನವರೆಗೆ ಮಾತ್ರ ಅದು ಸಿಗುತ್ತದೆ. ಅಕ್ಟೋಬರಿನಲ್ಲಿ ಕೇಳಿದ ನನಗೆ ಮುಂದಿನ ವರ್ಷ ಬಾ ಎಂದರು. ತಾಜಾ ಮೀನಿಲ್ಲದ ದಿನಕ್ಕೆ ಉಪ್ಪು ಮೀನಿನ ಅಂಗಡಿಯಿತ್ತು. ಮೊಹಾಮಾ ಎಂಬ ಉಪ್ಪು ಹಾಕಿ ಒಣಗಿಸಿದ ಟ್ಯೂನಾ, ಕಡುಗೆಂಪು ಮರದ ತುಂಡಿನಂಥದ್ದು, ಕಾಗದದಷ್ಟು ತೆಳ್ಳಗೆ ಸೀಳಿ ಕೊಡುತ್ತಿದ್ದರು. ಅದಕ್ಕಿಂತ ನನಗೆ ಹತ್ತಿರವಾದದ್ದು ಕಪೆಯ್ಯಾನ್ ಎಂಬ ಒಣಗಿಸಿದ ಸಣ್ಣ ಮೀನು. ಇದನ್ನು ಹೇಗೆ ತಿನ್ನುವುದು ಎಂದು ಕೇಳಿದಾಗ ಮುದುಕನಾದ ಅಂಗಡಿಯವನು ಬೆಂಕಿಯ ಮೇಲೆ ಹಿಡಿದು ತಿರುಗಿಸುವ ಅಭಿನಯ ಮಾಡಿ, ಬೆರಳಲ್ಲಿ ಎಳೆಎಳೆಯಾಗಿ ಬಿಡಿಸಿ, ಎಣ್ಣೆ ಹನಿಸುವುದನ್ನು ತೋರಿಸಿದನು. ಆಟಿ ತಿಂಗಳ ಮಳೆಯಲ್ಲಿ ಅಜ್ಜಿ ಕೆಂಡದ ಮೇಲೆ ಒಣಮೀನು ಸುಟ್ಟು ಗಂಜಿಯ ಬಟ್ಟಲಿನ ಪಕ್ಕದಲ್ಲಿ ಇಡುತ್ತಿದ್ದದ್ದು ಇದೇ ಕ್ರಮದಲ್ಲಿ. ಅಜ್ಜಿಯದ್ದು ತೆಂಗಿನೆಣ್ಣೆ, ಅವನದ್ದು ಆಲಿವ್ ಎಣ್ಣೆ, ಅಷ್ಟೇ.

ಅಕ್ಟೋಬರ್ ಮೊದಲ ವಾರ ಬಡಾವಣೆಯ ಮಿಠಾಯಿ ಅಂಗಡಿಗಳ ಗಾಜಿನ ಹಿಂದೆ ಪುಟ್ಟ ಕಲ್ಲಂಗಡಿ, ಬದನೆ, ಕ್ಯಾರೆಟ್, ಮೆಣಸಿನಕಾಯಿ, ದ್ರಾಕ್ಷಿಗೊಂಚಲುಗಳು ಕಾಣಿಸಿಕೊಂಡವು, ಎಲ್ಲವೂ ಬಾದಾಮಿ ಮತ್ತು ಸಕ್ಕರೆಯಲ್ಲಿ ಮಾಡಿದವು. ಅಕ್ಟೋಬರ್ 9 ಸಂತ ಡಯೊನೀಸಿಯಸನ ದಿನ, ವಲೆನ್ಸಿಯಾದ ನಾಡಹಬ್ಬ; 1238ರಲ್ಲಿ ಅರಗೊನ್‌ನ ದೊರೆ ಒಂದನೆಯ ಜೌಮೆ ನಗರವನ್ನು ಗೆದ್ದು ಪ್ರವೇಶಿಸಿದ ದಿನ. ಮುತ್ತಿಗೆಯ ಕಾಲದಲ್ಲಿ ಅವನ ಬೀಡಾರವಿದ್ದದ್ದು ಇದೇ ರುಸಾಫಾದಲ್ಲಿ. ಸೋತ ನಗರದ ಮುಸ್ಲಿಂ ಜನರು ದೊರೆಗೂ ರಾಣಿ ವಿಯೊಲಾಂಟಳಿಗೂ ಹೋರ್ತಾದ ಹಣ್ಣು ತರಕಾರಿಗಳನ್ನು ಒಪ್ಪಿಸಿದರೆಂಬ ಐತಿಹ್ಯವಿದೆ. ಅದರ ನೆನಪಿಗೆ ಗಂಡಸರು ತಮ್ಮ ಪ್ರೀತಿಯ ಹೆಂಗಸರಿಗೆ ಈ ಸಿಹಿಯನ್ನು ಕೈವಸ್ತ್ರದಲ್ಲಿ ಕಟ್ಟಿ ಕೊಡುತ್ತಾರೆ. ಆ ಗಂಟಿಗೆ ಮೊಕಾದೊರಾ ಎಂದು ಹೆಸರು. ತೋಟ ಮಾಡಿದವರು, ಕಾಲುವೆ ತೋಡಿದವರು, ಬದನೆ ಮತ್ತು ಅಕ್ಕಿಯನ್ನು ತಂದವರು ಆಮೇಲೆ ಆ ನೆಲದಿಂದ ಹೊರಹಾಕಲ್ಪಟ್ಟರು, ಕೊನೆಯ ತಲೆಮಾರು 1609ರಲ್ಲಿ. ಅವರ ತರಕಾರಿಗಳು ಸಕ್ಕರೆಯ ರೂಪದಲ್ಲಿ ಕಿಟಕಿಯಲ್ಲಿ ಹೊಳೆಯುವುದನ್ನು ನಾನು ಸಂತೋಷದಿಂದಷ್ಟೇ ನೋಡಲಾರದೆ ಹೋದೆ. ಆದರೂ ಮಗಳಿಗೆಂದು ಒಂದು ಪುಟ್ಟ ಬದನೆ ಕೊಂಡೆ.

ಮಾರುಕಟ್ಟೆಯೊಳಗೆ ಮುಚ್ಚಿದ ಕದಗಳೂ ಇದ್ದವು. ಕಬ್ಬಿಣದ ಶಟರ್ ಇಳಿಸಿ ವರ್ಷಗಳಾದ ಅಂಗಡಿಗಳ ಮೇಲೆ ಹಿಂದಿನ ಮಾಂಸದ ವ್ಯಾಪಾರಿಯ ಹೆಸರು ಮಾಸಿ ಉಳಿದಿತ್ತು. ತರಕಾರಿಯ ಹೆಂಗಸಿನ ಮಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ, ಅಂಗಡಿ ಅವನಿಗೆ ಬೇಡ. ನಗರದ ಇನ್ನೊಂದು ಹಳೆಯ ಮಾರುಕಟ್ಟೆ, 1916ರ ಕೊಲೋನ್, ಈಗ ಹೆಚ್ಚಾಗಿ ಕಾಫಿ ಅಂಗಡಿಗಳ ಮತ್ತು ಊಟದ ಮನೆಗಳ ಸುಂದರ ತಾಣ. ಅಲ್ಲಿ ಕೂತು ನಾನು ಓರ್ಚಾಟಾ ಕುಡಿದೆ. ನಮ್ಮ ಗದ್ದೆಬದುವಿನ ಕೊನ್ನಾರಿ ಗಡ್ಡೆಯ ಸೋದರನಾದ ಚೂಫಾ ಗಡ್ಡೆಯನ್ನು ನೆನೆಸಿ ಅರೆದು ತೆಗೆದ ತಣ್ಣನೆಯ ಹಾಲು, ಬಹಳ ಚೆನ್ನಾಗಿತ್ತು. ಕಟ್ಟಡವನ್ನು ಕೆಡವದೆ ಉಳಿಸಿದ್ದು ಒಳ್ಳೆಯದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅಲ್ಲಿ ಯಾರೂ ಯಾರನ್ನೂ ಕೊನೆಯವರು ಯಾರೆಂದು ಕೇಳಲಿಲ್ಲ. ರುಸಾಫಾದಲ್ಲೂ ಬಾಡಿಗೆ ಏರುತ್ತಿದೆ, ಗಾಲಿಚೀಲದ ಅಜ್ಜಿಯರ ಮನೆಗಳಿಗೆ ವಾರದ ಪ್ರವಾಸಿಗರು ಬರುತ್ತಿದ್ದಾರೆ. ನನ್ನ ಮಗಳಂಥವರ ಬಾಡಿಗೆಯೂ, ನನ್ನಂಥವರ ಭೇಟಿಯೂ ಅದರ ಭಾಗವೇ ಎಂದು ನಾನು ಒಪ್ಪಿಕೊಳ್ಳಬೇಕು.

ನಾನು ಹಿಂದಿರುಗಿ ಒಂದು ವರ್ಷವಾಗಿತ್ತು. 2024ರ ಅಕ್ಟೋಬರ್ 29ರಂದು ವಲೆನ್ಸಿಯಾದ ಪ್ರಾಂತ್ಯದಲ್ಲಿ ಭೀಕರ ಮಳೆಯಾಗಿ, ನಗರದ ದಕ್ಷಿಣದ ಊರುಗಳು ಮುಳುಗಿದವು, ಇನ್ನೂರ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮಾರುಕಟ್ಟೆ ಕಟ್ಟಿದ ಅದೇ 1957ರ ಅಕ್ಟೋಬರಿನಲ್ಲಿ ಬಂದ ಪ್ರವಾಹದ ನಂತರ ನದಿಗೆ ನಗರದ ದಕ್ಷಿಣದಲ್ಲಿ ಹೊಸ ಪಾತ್ರವನ್ನು ತೋಡಿದ್ದರು. ಅದು ಈ ಸಲ ನಗರವನ್ನೂ ರುಸಾಫಾವನ್ನೂ ಕಾಯಿತು, ಅದರ ಆಚೆಗಿದ್ದವರನ್ನು ಕಾಯಲಿಲ್ಲ. ಪೊರಕೆ, ಸಲಿಕೆಗಳನ್ನು ಹೆಗಲಿಗೇರಿಸಿಕೊಂಡು ಸಾವಿರಾರು ಜನ ಕಾಲುಸೇತುವೆ ದಾಟಿ ಆ ಊರುಗಳಿಗೆ ನಡೆದರು, ಅವರಲ್ಲಿ ನನ್ನ ಮಗಳೂ ಇದ್ದಳು. ಬೆಂಗಳೂರಿನಲ್ಲಿ ಕೂತ ನಾನು ಆ ತರಕಾರಿಯ ಹೆಂಗಸಿನ ಬಗ್ಗೆ ವಿಚಾರಿಸಬೇಕೆಂದುಕೊಂಡಾಗ ಅವಳ ಹೆಸರೇ ನನಗೆ ಗೊತ್ತಿಲ್ಲವೆಂಬುದು ಹೊಳೆಯಿತು. ಅವಳಿಗೆ ನನ್ನ ಹೆಸರೂ ಗೊತ್ತಿರಲಿಲ್ಲ. ನನ್ನ ಮನೆಯ ಅಡುಗೆ ಅವಳಿಗೆ ಗೊತ್ತಿತ್ತು, ಅವಳ ಮುಂಗೈಗಳು ನನಗೆ ಗೊತ್ತಿದ್ದವು. ವಾರ ಕಳೆದ ಮೇಲೆ ಮಗಳು ಹೋಗಿ ನೋಡಿ ಬಂದು, ಅಂಗಡಿ ತೆರೆದಿದೆ, ಬುಟ್ಟಿಗಳು ಅರ್ಧ ಖಾಲಿ, ಅವಳು ಇದ್ದಾಳೆ ಎಂದು ತಿಳಿಸಿದಳು.

ನಾನು ಹೊರಡುವ ಹಿಂದಿನ ಶನಿವಾರ ಆ ಅಂಗಡಿಯ ಮುಂದೆ ಹತ್ತು ಜನರಾದರೂ ಇದ್ದರು. ಕೇಳಿದೆ, ಒಬ್ಬ ಹುಡುಗ ಕೈ ಎತ್ತಿದ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ದನಿ ಕೇಳಿತು, ನಾನು ಕೈ ಎತ್ತಿದೆ. ಆ ದಿನಗಳಲ್ಲಿ ಕಾಕಿ ಹಣ್ಣಿನ ಸುಗ್ಗಿ, ಕಿತ್ತಳೆ ಬಣ್ಣದ ರಾಶಿಗಳು ಎರಡಿದ್ದವು, ಸೇಬಿನಂತೆ ಗಟ್ಟಿಯಾದವು ಒಂದು ಕಡೆ, ಚಮಚದಲ್ಲಿ ತಿನ್ನಬೇಕಾದಷ್ಟು ಕಳಿತವು ಇನ್ನೊಂದು ಕಡೆ. ನನ್ನ ಸರದಿ ಬಂದಾಗ ಒಂದೇ ಒಂದು ಕಾಕಿ ಎಂದೆ. ಅವಳು ಎಂದಿನಂತೆ ಕೇಳಿದಳು: ಇವತ್ತಿಗೋ, ನಾಳೆಗೋ?

ಇವತ್ತಿಗೆ, ಎಂದೆ.

ಅವಳು ಎರಡನೆಯ ರಾಶಿಯ ಮೇಲೆ ಬಾಗಿ ಬಹಳ ಹೊತ್ತು ಹುಡುಕಿದಳು. ಹಿಂದೆ ಹತ್ತು ಜನ ಕಾಯುತ್ತಿದ್ದರು, ಯಾರೂ ಅವಸರಪಡಿಸಲಿಲ್ಲ. ಸಿಪ್ಪೆ ಇನ್ನೇನು ಬಿರಿಯುವಂತಿದ್ದ ಒಂದನ್ನು ಎರಡೂ ಕೈಗಳಲ್ಲಿ ಎತ್ತಿ, ಕಾಗದದ ಗೂಡು ಮಾಡಿ ಕೂರಿಸಿ, ಬೇರೆ ಯಾವುದರ ಕೆಳಗೂ ಇಡಬೇಡ ಎಂದು ಸನ್ನೆಯಲ್ಲಿ ಹೇಳಿ, ಮೇಲೊಂದು ಪೆರೆಹಿಲ್ ಎಸಳಿಟ್ಟು ನನ್ನ ಕೈಗೆ ಕೊಟ್ಟಳು.